ಜ್ವರದ ಪಟ್ಟಿಯಲ್ಲಿದ್ದ ತೋಟ

ಗೆಳೆಯರೊಬ್ಬರ ಮನೆಯಲ್ಲಿ ಹಾಲು ಹಾಕದ ಚಹಾ ಕೊಟ್ಟರು. ಲಂಡನ್ನಿನಿಂದ ಬಂದ ಮಗಳು ತಂದ ಡಬ್ಬಿಯಂತೆ, ಅರ್ಲ್ ಗ್ರೇ ಎಂದು ಹೆಸರು. ಲೋಟ ತುಟಿಗೆ ತಾಗುವ ಮೊದಲೇ ಹಬೆ ಮೂಗಿಗೆ ಬಡಿಯಿತು. ಅಷ್ಟೇ! ಎದುರಿಗಿದ್ದ ಸೋಫಾ, ಟೀವಿ, ಮಾತಾಡುತ್ತಿದ್ದ ಗೆಳೆಯ ಎಲ್ಲ ಮಾಯ. ನನಗೆ ಏಳು ವರ್ಷ. ನಡುಮನೆಯ ಚಾಪೆಯ ಮೇಲೆ ಮೈ ಕೆಂಡವಾಗಿ ಮಲಗಿದ್ದೇನೆ. ಅಜ್ಜಿ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಬಟ್ಟಲಿನ ತಣ್ಣೀರಿನಲ್ಲಿ ಅದ್ದಿ, ಹಿಂಡಿ ಹಣೆಗೆ ಇಡುತ್ತಿದ್ದಾರೆ. ಆ ನೀರಿಗೆ ಚಿಕ್ಕ ಬಾಟಲಿಯೊಂದರಿಂದ ಏನನ್ನೋ ನಾಲ್ಕು ಹನಿ ಬೆರೆಸಿದ್ದಾರೆ. "ಕಣ್ಣು ಮುಚ್ಕೋ ಮಗಾ, ಉರಿಯತ್ತೆ" ಎನ್ನುತ್ತಿದ್ದಾರೆ.

ಯೂಡಿಕೊಲೋನ್ ಪಟ್ಟಿ! ಹಳೆಯ ಮನೆಗಳಲ್ಲಿ ಬೆಳೆದ ಯಾರಿಗೆ ಅದು ಗೊತ್ತಿಲ್ಲ? ಆದರೆ ಅಜ್ಜಿಯ ಬಾಟಲಿಯ ವಾಸನೆ ಈ ಇಂಗ್ಲಿಷ್ ಚಹಾದೊಳಗೆ ಹೊಕ್ಕದ್ದು ಹೇಗೆ? ಡಬ್ಬಿ ಕೈಗೆತ್ತಿಕೊಂಡು ಓದಿದೆ. ಚಹಾ ಎಲೆ, ಮತ್ತು ಬರ್ಗಮಾಟ್ ಎಣ್ಣೆ. ಎರಡೇ ಪದಾರ್ಥ. ಆ ಎರಡನೆಯ ಪದದ ಬೆನ್ನು ಹತ್ತಿ ಹೊರಟವನು ಇನ್ನೂ ಪೂರ್ತಿ ಮರಳಿಲ್ಲ ಎಂದೇ ಹೇಳಬೇಕು.

ಯೂಡಿಕೊಲೋನ್ ಎಂದು ನಾವು ನಾಲಗೆಗೆ ಒಗ್ಗಿಸಿಕೊಂಡ ಪದಕ್ಕೆ ಫ್ರೆಂಚಿನಲ್ಲಿ 'ಕೊಲೋನಿನ ನೀರು' ಎಂದು ಅರ್ಥ. ಜರ್ಮನಿಯ ಕೊಲೋನ್ ಪಟ್ಟಣಕ್ಕೆ ಇಟಲಿಯಿಂದ ಬಂದು ನೆಲೆಸಿದ ಯೋಹಾನ್ ಮರಿಯಾ ಫರೀನಾ ಎಂಬಾತ ಅದನ್ನು ಕಂಡುಹಿಡಿದ. ಮಳೆ ನಿಂತ ಮೇಲಿನ ಇಟಲಿಯ ವಸಂತದ ಮುಂಜಾವನ್ನು ನೆನಪಿಸುವ ಪರಿಮಳವೊಂದು ಸಿಕ್ಕಿತೆಂದು 1708ರಲ್ಲಿ ತನ್ನ ಸೋದರನಿಗೆ ಪತ್ರ ಬರೆದ. ತವರಿನ ಹಂಬಲವನ್ನು ಶೀಶೆಯಲ್ಲಿ ತುಂಬಿ, ತನ್ನನ್ನು ಸಾಕಿದ ಊರಿನ ಹೆಸರನ್ನು ಅದಕ್ಕಿಟ್ಟ. 1709ರಲ್ಲಿ ಶುರುವಾದ ಫರೀನಾ ಮನೆತನದ ಆ ಅಂಗಡಿ ಇಂದಿಗೂ ಇದೆ. ಆ ನೀರಿನ ಜೀವಾಳ ಬರ್ಗಮಾಟ್. ಯುರೋಪಿನ ಅರಸರು, ಸ್ವತಃ ನೆಪೋಲಿಯನ್, ಮೈಗೆ ಸುರಿದುಕೊಂಡ ಆ ನೀರು ಕಡಲು ದಾಟಿ, ಔಷಧಿ ಅಂಗಡಿಗಳ ಕಪಾಟು ಸೇರಿ, ನಮ್ಮಜ್ಜಿಯ ಟ್ರಂಕಿನಲ್ಲಿ ಸೀರೆಗಳ ಸಂದಿಯಲ್ಲಿ ಕೂತಿತ್ತು!

ಬರ್ಗಮಾಟ್ ಒಂದು ಹಣ್ಣು. ಕಿತ್ತಳೆಯಷ್ಟು ಗಾತ್ರ, ನಿಂಬೆಯ ಬಣ್ಣ, ತೊಟ್ಟಿನ ಕಡೆ ಒಮ್ಮೊಮ್ಮೆ ತುಸು ಚೂಪು. ಕೊಯ್ದರೆ ಹುಳಿ, ಹುಳಿಯ ಹಿಂದೆಯೇ ಕಹಿ; ಸುಲಿದು ತಿನ್ನುವ ಹಣ್ಣಲ್ಲ. ನಮ್ಮ ಹೇರಳೆಕಾಯಿಯನ್ನು ಬಲ್ಲವರಿಗೆ ಆ ಸ್ವಭಾವ ಥಟ್ಟನೆ ಅರ್ಥವಾಗುತ್ತದೆ. ಇಟಲಿಯ ನಕ್ಷೆಯನ್ನು ಬೂಟಿಗೆ ಹೋಲಿಸುತ್ತಾರಲ್ಲ, ಆ ಬೂಟಿನ ಹೆಬ್ಬೆರಳ ಜಾಗದಲ್ಲಿರುವ ಕಲಾಬ್ರಿಯಾ ಅದರ ಮನೆ. ಅಲ್ಲಿಯೂ ಎಲ್ಲೆಡೆ ಅಲ್ಲ. ರೆಜ್ಜೋ ನಗರದ ಆಚೀಚೆ, ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಕರಾವಳಿ ಪಟ್ಟಿಯೊಂದರಲ್ಲಿ ಜಗತ್ತಿನ ಬಹುಪಾಲು ಬರ್ಗಮಾಟ್ ಬೆಳೆಯುತ್ತದೆ. ನಂಜನಗೂಡಿನ ರಸಬಾಳೆಗೆ ನಂಜನಗೂಡಿನ ಮಣ್ಣೇ ಬೇಕಲ್ಲ, ಹಾಗೆ. 1750ರಲ್ಲಿ ನಿಕೋಲಾ ಪರೀಸಿ ಎಂಬಾತ ಅಲ್ಲಿ ಮೊದಲ ತೋಪು ಹಾಕಿದ. 2001ರಲ್ಲಿ ಯುರೋಪ್ ಒಕ್ಕೂಟ ಆ ಎಣ್ಣೆಗೆ ಊರಿನ ಹೆಸರಿನ ಹಕ್ಕನ್ನು ಕೊಟ್ಟಿತು. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು. ಕಾಯಿ ಹಸಿರಿದ್ದಾಗ ಹಿಂಡಿದ ಎಣ್ಣೆ ಹಸಿರು, ಹಣ್ಣಾದಂತೆ ಎಣ್ಣೆಯೂ ಹಳದಿ.

ಇನ್ನು ಇದರ ವಂಶಾವಳಿ! ಇಲ್ಲಿಗೆ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ವಂಶವಾಹಿಗಳನ್ನು ಓದಿದ ವಿಜ್ಞಾನಿಗಳ ಪ್ರಕಾರ ಬರ್ಗಮಾಟ್‌ನ ತಾಯಿ ತಂದೆಯರು ಹುಳಿ ಕಿತ್ತಳೆ ಮತ್ತು ನಿಂಬೆ. ಪೇಟೆಯಲ್ಲಿ ಲೆಮನ್ ಎನ್ನುತ್ತಾರಲ್ಲ, ಆ ದೊಡ್ಡ ನಿಂಬೆ. ಆ ನಿಂಬೆ ಹುಟ್ಟಿದ್ದು ಹುಳಿ ಕಿತ್ತಳೆ ಮತ್ತು ಮಾದಳದ ಕೂಡಿಕೆಯಿಂದ. ಹುಳಿ ಕಿತ್ತಳೆ ಹುಟ್ಟಿದ್ದು ಚಕ್ಕೋತ ಮತ್ತು ಪುಟ್ಟ ಸಡಿಲ ಸಿಪ್ಪೆಯ ಕಿತ್ತಳೆಯಿಂದ. ಅಂದರೆ ಬೇರಿಗೆ ಹೋದರೆ ಉಳಿಯುವವರು ಮೂವರೇ: ಚಕ್ಕೋತ, ಕಿತ್ತಳೆ, ಮಾದಳ. ಮೂವರೂ ನಮ್ಮವರಲ್ಲವೇ! ದೇವನಹಳ್ಳಿಯ ಚಕ್ಕೋತ, ಕೊಡಗಿನ ಕಿತ್ತಳೆ, ಕೊಲ್ಹಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವ ಮಾತುಲುಂಗ, ಅದೇ ಮಾದಳ. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಇಡೀ ಕುಲದ ತೊಟ್ಟಿಲನ್ನೂ ಗುರುತಿಸಿತು. ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವ, ಮ್ಯಾನ್ಮಾರಿನ ಉತ್ತರ, ಚೀನಾದ ಯುನ್ನಾನಿನ ಪಶ್ಚಿಮ. ಕಾಲ ಸುಮಾರು 80 ಲಕ್ಷ ವರ್ಷಗಳ ಹಿಂದೆ. ಹಣ್ಣಿನ ಜೊತೆ ಹೆಸರೂ ನಡೆಯಿತು. ನಮ್ಮ ನಾರಂಗವೇ ಅರಬರ ಬಾಯಲ್ಲಿ ನಾರಂಜ್ ಆಗಿ, ಯುರೋಪಿಗೆ ಹೋಗಿ ಆರೆಂಜ್ ಆಯಿತು. ನಮ್ಮ ಬೆಟ್ಟದ ತಪ್ಪಲಿಂದ ಹೊರಟ ಕುಲವೊಂದು ಅರ್ಧ ಭೂಮಿ ಸುತ್ತಿ, ಕೂಡಿಕೆ ಬೆಳೆಸಿ, ಮರಿ ಮೊಮ್ಮಗುವನ್ನು ಎಣ್ಣೆಯ ರೂಪದಲ್ಲಿ ನನ್ನ ಹಣೆಗೆ ಕಳಿಸಿಕೊಟ್ಟಿತ್ತು.

ಎಣ್ಣೆ ಇರುವುದು ಹಣ್ಣಿನಲ್ಲಲ್ಲ, ಸಿಪ್ಪೆಯಲ್ಲಿ. ಕಿತ್ತಳೆ ಸಿಪ್ಪೆಯನ್ನು ತಂಗಿಯ ಕಣ್ಣಿಗೆ ಹಿಂಡಿ ಅಮ್ಮನಿಂದ ಪೆಟ್ಟು ತಿಂದವರಿಗೆಲ್ಲ ಇದು ಗೊತ್ತು. ಕರೆಂಟ್ ಹೋದ ರಾತ್ರಿ ಮೋಂಬತ್ತಿಯ ಮುಂದೆ ಸಿಪ್ಪೆ ಮಡಚಿದರೆ ಚಟಚಟನೆ ಕಿಡಿ ಹಾರುತ್ತಿತ್ತಲ್ಲ, ಅದು ಈ ಎಣ್ಣೆಯೇ. ಬೆಲೂನಿನ ಮೇಲೆ ಹಿಂಡಿದರೆ ರಬ್ಬರು ಕರಗಿ ಢಮ್ಮೆನ್ನುತ್ತಿತ್ತು, ಅದೂ ಇದೇ. ಸಿಪ್ಪೆಯ ಹೊರಮೈಯಲ್ಲಿ ಚುಕ್ಕಿಗಳಂತೆ ಕಾಣುವ ಒಂದೊಂದೂ ಒಂದು ಎಣ್ಣೆಯ ಚೀಲ. ಒಳಗಿನ ಬಿಳಿ ಮೆತ್ತೆ ಒತ್ತುತ್ತದೆ, ಚೀಲದೊಳಗೆ ಒತ್ತಡ ಏರುತ್ತದೆ, ಹೊರಗಿನ ತೆಳುಪೊರೆ ತಡೆಯಲಾರದೆ ಹರಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧಕರು ಐದು ಬಗೆಯ ಹಣ್ಣುಗಳ ಸಿಪ್ಪೆ ಮಡಚಿ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಇದೂ 2018ರಲ್ಲೇ ಪ್ರಕಟವಾಯಿತು. ಕೂದಲೆಳೆಯಷ್ಟು ಸಣ್ಣ ಆ ಕಾರಂಜಿಗಳು ಸೆಕೆಂಡಿಗೆ 10 ಮೀಟರಿಗೂ ಮಿಕ್ಕ ವೇಗದಲ್ಲಿ ಚಿಮ್ಮುತ್ತಿದ್ದವು! ನೂರು ಮೀಟರ್ ಓಟದ ವಿಶ್ವವಿಜೇತನ ವೇಗ, ನಮ್ಮ ಹೆಬ್ಬೆರಳು ತೋರುಬೆರಳ ನಡುವೆ. ಇದನ್ನು ಓದಿದ ದಿನದಿಂದ ನನಗೆ ಕಿತ್ತಳೆ ಸುಲಿಯುವುದು ಮೊದಲಿನಂತಿಲ್ಲ. ಬೆಳಕಿಗೆ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಸುಲಿಯುತ್ತೇನೆ.

ಈ ಕಾರಂಜಿಗಳನ್ನು ಹಿಡಿಯುವುದು ಹೇಗೆ? ಕಲಾಬ್ರಿಯಾದ ಜನ ಕಡಲ ಸ್ಪಂಜಿನಿಂದ ಹಿಡಿದರು. ಹಣ್ಣನ್ನು ಎರಡು ಹೋಳು ಮಾಡಿ, ಚಮಚದಂಥ ಅಲಗಿನಿಂದ ತಿರುಳು ತೆಗೆದು, ನೀರಿನಲ್ಲಿ ನೆನೆದ ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ ತಿರುವುತ್ತಿದ್ದರು. ಸ್ಪಂಜು ಕುಡಿದದ್ದನ್ನು ಮಣ್ಣಿನ ಬೋಗುಣಿಗೆ ಹಿಂಡುತ್ತಿದ್ದರು. ನೀರು ತಳಕ್ಕಿಳಿದು ಎಣ್ಣೆ ಮೇಲೆ ತೇಲುತ್ತಿತ್ತು. ಒಂದೊಂದು ಹೋಳನ್ನೂ ಕೈಯಲ್ಲೇ ಒತ್ತುತ್ತ ಕೂತ ಆ ಜನರ ಉಗುರುಸಂದಿಗಳ ಪರಿಮಳವನ್ನು ನೆನೆಯುತ್ತೇನೆ. 1844ರಲ್ಲಿ ನಿಕೋಲಾ ಬರಿಲ್ಲಾ ಎಂಬಾತ ಹಣ್ಣನ್ನು ಉಜ್ಜಿ ಎಣ್ಣೆ ತೆಗೆಯುವ ಯಂತ್ರ ಕಟ್ಟಿದ; 'ಕಲಾಬ್ರಿಯಾ ಯಂತ್ರ' ಎಂದೇ ಅದು ಹೆಸರಾಯಿತು. ಈಗಿನ ಯಂತ್ರಗಳು ಸಿಪ್ಪೆಯನ್ನು ನೀರಿನ ಸಿಂಚನದಡಿ ತುರಿದು, ಗರಗರ ತಿರುಗಿಸಿ ಎಣ್ಣೆಯನ್ನು ಬೇರೆ ಮಾಡುತ್ತವೆ. ಸುಮಾರು 200 ಕಿಲೋ ಹಣ್ಣಿಗೆ ಒಂದು ಕಿಲೋ ಎಣ್ಣೆ.

ಬೆಂಕಿ ಮಾತ್ರ ಎಲ್ಲಿಯೂ ಇಲ್ಲ. ನಮ್ಮ ಶ್ರೀಗಂಧಕ್ಕೆ ಹಬೆ ಬೇಕು. ಚೆಕ್ಕೆಯ ಆಳದಿಂದ ಅದನ್ನು ದಿನಗಟ್ಟಲೆ ಕರೆದು ಕರೆದು ಹೊರಗೆ ತರಬೇಕು. ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಬಟ್ಟಿ ಇಳಿಸತೊಡಗಿದಾಗಿನಿಂದಲೂ ಹಾಗೆಯೇ. ಬರ್ಗಮಾಟ್‌ನ ಸುಕುಮಾರ ಪರಿಮಳವೋ ಬಿಸಿಗೆ ಒಡೆದು ಹೋಗುತ್ತದೆ. ಮೈಸೂರಿನ ಬಟ್ಟಿ ಶುರುವಾಗಿ ಎರಡೇ ವರ್ಷಕ್ಕೆ, 1918ರಲ್ಲಿ, ರೆಜ್ಜೋದಲ್ಲಿ ಸುಗಂಧ ತೈಲಗಳ ಸಂಶೋಧನಾ ಕೇಂದ್ರವೊಂದು ಹುಟ್ಟಿತು. ಅತ್ತರಿನ ಜಗತ್ತಿನಲ್ಲಿ ಇವೆರಡೂ ಒಂದೇ ಶೀಶೆಯಲ್ಲಿ ಸಂಧಿಸುತ್ತವೆ. ಮುಚ್ಚಳ ತೆರೆದಾಗ ಮೊದಲು ಓಡಿಬರುವುದು ಬರ್ಗಮಾಟ್, ಎಲ್ಲ ಪರಿಮಳ ಹೋದ ಮೇಲೂ ಮೈಗೆ ಅಂಟಿ ಉಳಿಯುವುದು ಗಂಧ.

ಆ ಒಂದು ಹನಿಯೊಳಗೆ ನೂರಾರು ಬಗೆಯ ಅಣುಗಳಿವೆ. ಮೂವರು ಮುಖ್ಯರು. ಲಿಮೊನೀನ್ ಎಲ್ಲ ಕಿತ್ತಳೆ ನಿಂಬೆಗಳ ಮನೆದೇವರು. ಸಿಹಿ ಕಿತ್ತಳೆಯ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದೇ. ಆದರೆ ಬರ್ಗಮಾಟ್‌ನಲ್ಲಿ ಅದು ಸರಿದು ಕೂತು ಉಳಿದಿಬ್ಬರಿಗೆ ಜಾಗ ಕೊಡುತ್ತದೆ. ಅವರು ಲಿನಾಲಿಲ್ ಅಸಿಟೇಟ್ ಮತ್ತು ಲಿನಲೂಲ್. ಈ ಇಬ್ಬರನ್ನು ಇನ್ನೆಲ್ಲಿ ಕಂಡೆ ಎಂದು ಹುಡುಕಿದರೆ, ಲ್ಯಾವೆಂಡರ್ ಹೂವಿನಲ್ಲಿ! ಯುರೋಪಿನವರು ನಿದ್ದೆಗೆಂದು ದಿಂಬಿನಡಿ ಇಡುವ ಹೂವದು. ಕಿತ್ತಳೆಯ ಚೇತನವೂ ಲ್ಯಾವೆಂಡರಿನ ಸಮಾಧಾನವೂ ಒಂದೇ ಸಿಪ್ಪೆಯಲ್ಲಿ. ಬೇರೆ ಕಿತ್ತಳೆ ಎಣ್ಣೆಗಳು ಮನಸ್ಸನ್ನು ಎಬ್ಬಿಸುತ್ತವೆ, ಬರ್ಗಮಾಟ್ ಎಬ್ಬಿಸುತ್ತಲೇ ಕೂರಿಸುತ್ತದೆ ಎಂದು ಪರಿಮಳ ಚಿಕಿತ್ಸೆಯವರು ಹೇಳುವುದರ ಗುಟ್ಟು ಇಲ್ಲೇ ಇದ್ದೀತು.

ಇನ್ನೊಂದು ಬೆರಗು. ಎಡಗೈ ಬಲಗೈಗಳಂತೆ ಈ ಅಣುಗಳಿಗೂ ಎಡ ಬಲ ಉಂಟು. ಬಲದ ಲಿಮೊನೀನ್ ಕಿತ್ತಳೆಯ ಪರಿಮಳ, ಅದರ ಕನ್ನಡಿಯ ಬಿಂಬ ಟರ್ಪೆಂಟೈನಿನ ಘಾಟು. ಪರಮಾಣುಗಳು ಅವೇ, ತಿರುವು ಬೇರೆ, ಮೂಗು ಅದನ್ನೂ ಬಲ್ಲದು! ಬರ್ಗಮಾಟ್ ಮರ ತನ್ನ ಲಿನಲೂಲನ್ನು ಬಹುತೇಕ ಪೂರ್ತಿ ಒಂದೇ ಕೈಯ ಅಣುವಾಗಿ ಹೆಣೆಯುತ್ತದೆ. ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದದ್ದು ಎರಡೂ ಕೈಗಳ ಬೆರಕೆ. ಹಾಗಾಗಿ ಯಾರಾದರೂ ಕೃತಕ ಎಣ್ಣೆ ಬೆರೆಸಿ ಮಾರಿದರೆ, ಪ್ರಯೋಗಾಲಯದಲ್ಲಿ ಕೈ ಎಣಿಸಿ ಕಳ್ಳನನ್ನು ಹಿಡಿಯುತ್ತಾರೆ.

ಸರಿ, ಆದರೆ ಒಂದು ಉಸಿರಿಗೆ ನಾನು ಏಳು ವರ್ಷದವನಾದದ್ದು ಹೇಗೆ? ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನ ನಡುವಿನ ಥಲಾಮಸ್ ಎಂಬ ಹೆಬ್ಬಾಗಿಲನ್ನು ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಹಿತ್ತಲ ಬಾಗಿಲಿದೆ. ಮೂಗಿನ ಮೇಲ್ಛಾವಣಿಯ ನರಕೋಶಗಳಿಂದ ಸುದ್ದಿ ಒಂದೇ ಮಜಲಿನಲ್ಲಿ ಅಮಿಗ್ಡಾಲದ ಹೊಸಿಲಿಗೆ ಬರುತ್ತದೆ. ಅದು ಭಯ, ಪ್ರೀತಿ, ನೆಮ್ಮದಿಗಳ ಕೋಣೆ. ಪಕ್ಕದಲ್ಲೇ ನೆನಪಿನ ಉಗ್ರಾಣ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಬಿಡಿಸಿ ತೋರಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನಲ್ಲಿ ಅಂಥ ಗ್ರಾಹಕಗಳು ಸುಮಾರು 400 ಬಗೆ. ಹಾರ್ಮೋನಿಯಂನ ಮನೆಗಳಂತೆ ಒಂದೊಂದು ಪರಿಮಳವೂ ಹಲವನ್ನು ಒಟ್ಟಿಗೆ ಒತ್ತುತ್ತದೆ. ಬರ್ಗಮಾಟ್ ಒತ್ತಿದ ಸ್ವರಮೇಳವನ್ನು ನನ್ನ ಮಿದುಳು ಜ್ವರದ ಚಾಪೆಯ ಜೊತೆ, ಅಜ್ಜಿಯ ಒದ್ದೆ ಬೆರಳಿನ ಜೊತೆ ಗಂಟು ಹಾಕಿಟ್ಟಿತ್ತು.

ಹಾಗಾದರೆ ಈ ಬಾಗಿಲಿನಿಂದ ಬೇಕೆಂದೇ ಒಳಗೆ ಹೋಗಿ ಅಂಜಿದ ಮನಸ್ಸನ್ನು ನೇವರಿಸಬಹುದೇ? ಪರಿಮಳ ಚಿಕಿತ್ಸೆ ಕೇಳುವ ಪ್ರಶ್ನೆಯೇ ಇದು. ಆ ಹೆಸರನ್ನು ಜನಪ್ರಿಯಗೊಳಿಸಿದವನು ಫ್ರೆಂಚ್ ರಸಾಯನ ವಿಜ್ಞಾನಿ ರೆನೆ ಮೊರಿಸ್ ಗಟ್ಟೆಫೋಸೆ, 1937ರ ತನ್ನ ಪುಸ್ತಕದಿಂದ. ಇಟಲಿಯಲ್ಲಿ ಪಾವ್ಲೊ ರೊವೆಸ್ತಿ ಎಂಬಾತ ತನ್ನ ನಾಡಿನ ಕಿತ್ತಳೆ, ನಿಂಬೆ, ಬರ್ಗಮಾಟ್ ಎಣ್ಣೆಗಳನ್ನೇ ಆತಂಕ, ಖಿನ್ನತೆಗಳಿಗೆ ಬಳಸಿ ನೋಡಿದ. ಆಮೇಲಿನವರು ಅಳೆಯತೊಡಗಿದರು. ವಿಯೆನ್ನಾದ ದಂತವೈದ್ಯರ ಕೊಠಡಿಯೊಂದರಲ್ಲಿ 72 ಮಂದಿ ಹಲ್ಲಿನ ಭಯ ಹೊತ್ತು ಕೂತಿದ್ದಾಗ ಕೆಲವರ ಸುತ್ತ ಕಿತ್ತಳೆಯ ಪರಿಮಳ ಹರಡಿಸಿದರು. 2000ದಲ್ಲಿ ಬಂದ ವರದಿಯಂತೆ ಹೆಂಗಸರಲ್ಲಿ ಆತಂಕ ತಗ್ಗಿತ್ತು, ಮನಸ್ಸು ಹಗುರಾಗಿತ್ತು. ಇರಾನಿನಲ್ಲಿ 6ರಿಂದ 9 ವರ್ಷದ 30 ಮಕ್ಕಳ ಹಲ್ಲಿನ ಚಿಕಿತ್ಸೆ ನಡೆಯುವಾಗ ಕಿತ್ತಳೆ ಎಣ್ಣೆಯ ಪರಿಮಳ ಬಿಟ್ಟು ನಾಡಿ ಎಣಿಸಿದರು, ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆದರು. ಎರಡೂ ಇಳಿದಿದ್ದವು. ಜಪಾನಿನಲ್ಲಿ 41 ಆರೋಗ್ಯವಂತ ಮಹಿಳೆಯರು 15 ನಿಮಿಷ ಬರ್ಗಮಾಟ್ ಬೆರೆತ ಆವಿಯಲ್ಲಿ ಕೂತರು. ಸುಮ್ಮನೆ ವಿಶ್ರಮಿಸಿದಾಗ ಇದ್ದುದಕ್ಕಿಂತ ಆಗ ಅವರ ಕಾರ್ಟಿಸಾಲ್ ಕಡಿಮೆಯಿತ್ತು. ಹದಿನೈದೇ ನಿಮಿಷ! ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಎಲ್ಲ ಪ್ರಯೋಗವೂ ಹೀಗೆ ಮುಗಿಯಲಿಲ್ಲ, ಅದನ್ನು ಮುಚ್ಚಿಟ್ಟರೆ ಈ ಹಣ್ಣಿಗೇ ಅನ್ಯಾಯ. ಅಮೆರಿಕದಲ್ಲಿ ಕಾಂಡಕೋಶ ಚಿಕಿತ್ಸೆಗೆ ಬಂದ 37 ಮಕ್ಕಳು, ಹದಿಹರೆಯದವರ ನಡುವೆ ಬರ್ಗಮಾಟ್ ಪರೀಕ್ಷಿಸಿದಾಗ, ಪರಿಮಳ ಪಡೆದ ಮಕ್ಕಳಲ್ಲಿ ಆತಂಕವೂ ವಾಕರಿಕೆಯೂ ಹೆಚ್ಚೇ ಇತ್ತು. 2012ರ ವರದಿ ಇದು. ಓದಿ ನನ್ನ ಗಂಟಲು ಕಟ್ಟಿತು, ಆದರೆ ಅಚ್ಚರಿಯಾಗಲಿಲ್ಲ. ಪರಿಮಳ ಗಂಟು ಹಾಕುವುದು ಆ ಹೊತ್ತಿನಲ್ಲಿ ಪಕ್ಕದಲ್ಲಿ ಏನಿದೆಯೋ ಅದರ ಜೊತೆಗಲ್ಲವೇ? ನನ್ನ ಪಕ್ಕದಲ್ಲಿ ಅಜ್ಜಿ ಇದ್ದರು. ಹಾಗಾಗಿ ಬರ್ಗಮಾಟ್ ಯಾವ ರೋಗದ ಮದ್ದೂ ಅಲ್ಲ, ಮಾತ್ರೆ ಬಿಟ್ಟು ಇದನ್ನು ಹಿಡಿಯಬಾರದು. ಗಡಿಬಿಡಿಯ ದಿನದ ಕೊನೆಗೆ, ನಿದ್ದೆ ಬಾರದ ರಾತ್ರಿಗೆ, ಪರೀಕ್ಷೆಯ ಹಿಂದಿನ ಸಂಜೆಗೆ ಜೊತೆ ಕೊಡುವ ಗೆಳತಿ ಅದು. ನನಗಂತೂ ಅಷ್ಟು ಸಾಕು.

ನಾನು ಬಳಸುವ ಬಗೆ ಸರಳ. ಕೋಣೆಯ ಡಿಫ್ಯೂಸರಿನ ನೀರಿಗೆ ಮೂರು ನಾಲ್ಕು ಹನಿ, ಕಿಟಕಿ ತುಸು ತೆರೆದು, ಅರ್ಧ ಗಂಟೆ. ಡಿಫ್ಯೂಸರ್ ಇಲ್ಲದಿದ್ದರೆ ಹತ್ತಿಯ ಉಂಡೆಗೆ ಒಂದೇ ಹನಿ ಹಾಕಿ ಮೇಜಿನ ಮೂಲೆಯಲ್ಲಿಟ್ಟರೂ ಕೆಲಸ ನಡೆಯುತ್ತದೆ. ಕುಡಿಯುವುದಿಲ್ಲ, ನೆಕ್ಕುವುದಿಲ್ಲ. ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ ತಂಪಿನಲ್ಲಿಡುತ್ತೇನೆ, ಏಕೆಂದರೆ ಗಾಳಿ ತಾಗಿ ಹಳತಾದ ಲಿಮೊನೀನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಮನೆಯಲ್ಲಿ ಬೆಕ್ಕಿದ್ದರೆ ಈ ಎಣ್ಣೆಗಳು ಬೇಡವೇ ಬೇಡ, ಅವುಗಳ ದೇಹಕ್ಕೆ ಇದು ವಿಷ. ಆಸ್ತಮಾ ಇರುವವರು, ಬಸುರಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಮೈಗೆ ಹಚ್ಚುವುದಾದರೆ ನಿಲ್ಲಿ, ಇಲ್ಲೊಂದು ಕತೆಯಿದೆ. ಹಿಂದಿನ ಕಾಲದಲ್ಲಿ ಯುರೋಪಿನ ಹೆಂಗಸರು ಕುತ್ತಿಗೆಗೆ ಕೊಲೋನ್ ಸವರಿಕೊಂಡು ಬಿಸಿಲಿಗೆ ಹೋದರೆ, ಹನಿ ಇಳಿದ ದಾರಿಯಲ್ಲೇ ಕಂದು ಕಲೆ ಮೂಡುತ್ತಿತ್ತು, ಸರದ ಪದಕ ತೂಗಿದ ಹಾಗೆ. ವೈದ್ಯರು ಆ ಕಾಯಿಲೆಗೆ ಪದಕದ ಹೆಸರನ್ನೇ ಇಟ್ಟರು. ತಪ್ಪು ಬರ್ಗಾಪ್ಟೆನ್ ಎಂಬ ಅಣುವಿನದು. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದು ಚರ್ಮವನ್ನು ಸುಡುತ್ತದೆ. ಅದರ ಹತ್ತಿರದ ನೆಂಟ ಸೊರಾಲೆನ್ ಎಲ್ಲಿದೆ ಗೊತ್ತೇ? ನಮ್ಮ ಗ್ರಂಧಿಗೆ ಅಂಗಡಿಯ ಬಾವಂಚಿ ಬೀಜದಲ್ಲಿ! ಬಾಕುಚಿ ಎಂದು ಕರೆದು ತೊನ್ನಿಗೆ ಅದನ್ನೇ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ಆಯುರ್ವೇದದ ಪಂಡಿತರು ಇದೇ ಗುಣವನ್ನು ಮದ್ದಾಗಿ ಪಳಗಿಸಿದ್ದರು. ಒಂದೆಡೆ ಕಲೆ ಮಾಡುವ ಬಿಸಿಲು ಇನ್ನೊಂದೆಡೆ ಕಲೆ ತುಂಬುತ್ತಿತ್ತು. ಈ ಸುಡುವ ಗುಣದಿಂದಾಗಿ ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆ ಚರ್ಮದ ಮೇಲೆ ಶೇಕಡಾ 0.4 ದಾಟಬಾರದು ಎಂದು ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಕಟ್ಟಳೆ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ 100 ಮಿಲಿಲೀಟರ್ ತೆಂಗಿನೆಣ್ಣೆಗೆ ಸುಮಾರು ಎಂಟು ಹನಿ. ಅದನ್ನೂ ಮೊದಲು ಮೊಳಕೈ ಮಡಿಕೆಯಲ್ಲಿ ಚೂರು ಹಚ್ಚಿ ಒಂದು ದಿನ ಕಾದು, ಆಮೇಲೂ ರಾತ್ರಿ ಹೊತ್ತು ಹಚ್ಚುವುದೇ ಲೇಸು. ಬರ್ಗಾಪ್ಟೆನ್ ತೆಗೆದ ಎಣ್ಣೆಯೂ ಸಿಗುತ್ತದೆ, ಬಾಟಲಿಯ ಮೇಲೆ ಬರೆದಿರುತ್ತಾರೆ. ಚಹಾದಲ್ಲೂ ಹಿತಮಿತ ಬೇಕು. ದಿನಕ್ಕೆ 4 ಲೀಟರಿನವರೆಗೆ ಅರ್ಲ್ ಗ್ರೇ ಕುಡಿದ 44 ವರ್ಷದ ಒಬ್ಬರಿಗೆ ಸ್ನಾಯುಗಳು ಸೆಟೆಯತೊಡಗಿದವು, ಬರೀ ಚಹಾಕ್ಕೆ ಬದಲಿಸಿದ ಮೇಲೆ ವಾಸಿಯಾಯಿತು ಎಂದು 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ವರದಿ ಮಾಡಿದೆ.

ಪುಟ್ಟ ಬಾಟಲಿಯೊಂದನ್ನು ಕೊನೆಗೂ ತರಿಸಿಕೊಂಡೆ. 10 ಮಿಲಿಲೀಟರ್, ಹಸಿರು ಬೆರೆತ ಹಳದಿ. ಊರಿಗೆ ಹೋದಾಗ ಜೊತೆಗೆ ಒಯ್ದೆ. ಸಂಜೆ ದೀಪ ಹಚ್ಚುವ ಹೊತ್ತು. ಅಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದರು. ನಾನು ತಂದದ್ದರ ಬಗ್ಗೆ ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ನಡುಮನೆಯಲ್ಲಿ ಕೂತು, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಒಂದೇ ಒಂದು ಹನಿ ಬಿಟ್ಟು ಫ್ಯಾನಿನಡಿ ಇಟ್ಟೆ. ಒಂದು ನಿಮಿಷ ಆಗಿರಬಹುದು. ಅಡುಗೆಮನೆಯಲ್ಲಿ ತಟ್ಟೆಯ ಸದ್ದು ನಿಂತಿತು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು, ಗಾಬರಿಯಿಂದ ನನ್ನ ಮುಖ ನೋಡಿದರು.

"ಯಾರಿಗೋ ಜ್ವರ?"